ಮುದ್ದೆಮಾಲು ಪಟ್ಟಿಯಲ್ಲಿ ಆ ಶಾಲು ಇಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನೀವು ಅರ್ಧ ಪುಟ ಕೊಟ್ಟು ಹಾಕಿದ್ದ 'ಜಾಕ್ ದಿ ರಿಪ್ಪರ್ ಕೊನೆಗೂ ಸಿಕ್ಕಿಬಿದ್ದ' ಎಂಬ ಬರಹ ಓದಿದೆ. ಓದಿ ಮುಗಿಸುವ ಹೊತ್ತಿಗೆ ಕಾಫಿ ಆರಿಹೋಗಿತ್ತು. 'ಬೆಳಗ್ಗೆ ಬೆಳಗ್ಗೆ ಪೇಪರಿನ ಜೊತೆ ಏನ್ರೀ ನಿಮ್ಮ ಜಗಳ' ಅಂದಳು ನನ್ನ ಹೆಂಡತಿ. ಜಗಳ ಅಲ್ಲ, ತಕರಾರು. 31 ವರ್ಷ ಕೋರ್ಟಿನಲ್ಲಿ ಗುಮಾಸ್ತನಾಗಿ ಸವೆದವನಿಗೆ ಎರಡಕ್ಕೂ ಇರುವ ವ್ಯತ್ಯಾಸ ಗೊತ್ತು. ಜಗಳ ಬಾಯಲ್ಲಿ ಮುಗಿಯುತ್ತದೆ. ತಕರಾರನ್ನು ಬರೆದು ಕೊಡಬೇಕು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು.

ಆ 31 ವರ್ಷದಲ್ಲಿ 11 ವರ್ಷ ನಾನು ಮುದ್ದೆಮಾಲು ನೋಡಿಕೊಳ್ಳುತ್ತಿದ್ದೆ. ಮೊಕದ್ದಮೆಗಳಲ್ಲಿ ಪೊಲೀಸರು ಜಪ್ತು ಮಾಡಿ ತಂದೊಪ್ಪಿಸುವ ವಸ್ತುಗಳನ್ನು ಕಾಯುವ ಕೆಲಸ. ಕಿಟಕಿ ಇಲ್ಲದ ಕೋಣೆ. ಮಚ್ಚು, ಕುಡುಗೋಲು, ಸೈಕಲ್ ಚೈನು, ಕಳ್ಳಭಟ್ಟಿ ಕ್ಯಾನು, ರಕ್ತ ಒಣಗಿ ಗರಿಗರಿಯಾದ ಪಂಚೆ. ಇಲಿ ಕಾಟ ಬೇರೆ. ಪ್ರತಿಯೊಂದಕ್ಕೂ ಬಿಳಿ ಬಟ್ಟೆ ಹೊದಿಸಿ ಹೊಲಿಗೆ, ಅರಗಿನ ಸೀಲು, ಪಂಚರ ಸಹಿ ಇರುವ ಚೀಟಿ, ರಿಜಿಸ್ಟರಿನಲ್ಲಿ ಒಂದು ನಂಬರು. ವಸ್ತು ಎಲ್ಲಿ ಸಿಕ್ಕಿತು, ಯಾರು ಎತ್ತಿದರು, ಯಾರ ಮುಂದೆ ಕಟ್ಟಿದರು, ಅಲ್ಲಿಂದ ಯಾರ ಕೈಗೆ ಹೋಯಿತು ಎಂಬುದು ಎಲ್ಲೂ ಕಡಿಯದೆ ಬರಬೇಕು. ಒಂದು ಕೊಂಡಿ ಕಡಿದರೂ ವಕೀಲರು ಬಿಡುವುದಿಲ್ಲ. ಬಿಡಲೂ ಬಾರದು.

ಈಗ ನಿಮ್ಮ ಬರಹಕ್ಕೆ ಬರುತ್ತೇನೆ. 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಸುತ್ತಮುತ್ತ ಐವರು ಹೆಂಗಸರನ್ನು ಕೊಂದವನು ಆ್ಯರನ್ ಕಾಸ್ಮಿನ್ಸ್ಕಿ ಎಂಬ ಪೋಲೆಂಡಿನ ಕ್ಷೌರಿಕನಂತೆ. ಒಂದು ಹಳೇ ರೇಷ್ಮೆ ಶಾಲಿನಲ್ಲಿ ಅವನ ಡಿಎನ್‌ಎ ಸಿಕ್ಕಿತಂತೆ. ಆ ಶಾಲು ನಾಲ್ಕನೆಯವಳ ಹೆಣದ ಪಕ್ಕ ಬಿದ್ದಿತ್ತಂತೆ. ಅಲ್ಲಿಗೆ ಕೇಸ್ ಕ್ಲೋಸ್ ಅಂತೆ. ಸ್ವಾಮಿ, ಇದೇ ಶಾಲನ್ನು ತೋರಿಸಿ ಇದೇ ಮನುಷ್ಯನನ್ನು 2014ರಲ್ಲಿ ಒಮ್ಮೆ ಹಿಡಿದಾಗಿತ್ತು. 2019ರಲ್ಲಿ ಮತ್ತೆ ಹಿಡಿದರು. 2025ರಲ್ಲಿ ಇನ್ನೊಂದು ಸಲ. ಎಷ್ಟು ಸಲ ಸಿಕ್ಕಿಬೀಳಬೇಕು ಪಾಪ ಅವನು? 1919ರಲ್ಲಿ ಮನೋರೋಗಿಗಳ ಆಸ್ಪತ್ರೆಯಲ್ಲೇ ಸತ್ತಿದ್ದಾನೆ.

ಶಾಲಿನ ಕಥೆ ಹೀಗಿದೆ. ಏಮಸ್ ಸಿಂಪ್ಸನ್ ಎಂಬ ಪೊಲೀಸಿನವನು ಕೊಲೆ ನಡೆದ ಜಾಗದಿಂದ ಅದನ್ನು ಮನೆಗೆ ತಂದನಂತೆ, ಹೆಂಡತಿಗೆ ಕೊಡಲು. ಆಕೆ ಮುಟ್ಟಲಿಲ್ಲವಂತೆ. ಅಲ್ಲಿಂದ ಮಕ್ಕಳು ಮೊಮ್ಮಕ್ಕಳ ಕೈ ದಾಟಿ 2007ರಲ್ಲಿ ಹರಾಜಿಗೆ ಬಂತು. ಒಬ್ಬ ಉದ್ಯಮಿ ಕೊಂಡರು. ಅಂತೆ ಎಷ್ಟು ಬಂತು ಲೆಕ್ಕ ಹಾಕಿ. ಕೊಲೆ ನಡೆದ ಮೈಟರ್ ಸ್ಕ್ವೇರ್ ಇದ್ದದ್ದು ಸಿಟಿ ಪೊಲೀಸರ ಹದ್ದಿನಲ್ಲಿ. ಸಿಂಪ್ಸನ್ ಇದ್ದದ್ದು ಮೆಟ್ರೊಪಾಲಿಟನ್ ಪೊಲೀಸಿನಲ್ಲಿ. ಎರಡೂ ಬೇರೆ ಬೇರೆ ಇಲಾಖೆ, ಬೇರೆ ಬೇರೆ ಕಮಿಷನರ್. ಪಕ್ಕದ ಜಿಲ್ಲೆಯ ಪೇದೆ ನಮ್ಮ ಊರಿನ ಸ್ಥಳ ಮಹಜರಿಗೆ ಬಂದು, ಹೆಣದ ಪಕ್ಕದ ವಸ್ತು ಎತ್ತಿಕೊಂಡು ಬಗಲಲ್ಲಿಟ್ಟು ಹೋದ ಅಂದರೆ ಯಾರಾದರೂ ನಂಬುತ್ತಾರಾ?

ಹೋಗಲಿ, ನಂಬೋಣ. ಆದರೆ ಪಟ್ಟಿ ಇದೆಯಲ್ಲ! ನನ್ನ ತಕರಾರಿನ ಮೊದಲ ಭಾಗ ಇಷ್ಟೇ. ಆ ಹೆಂಗಸಿನ ಹೆಸರು ಕ್ಯಾಥರೀನ್ ಎಡೋಸ್. ವಯಸ್ಸು 46. 1888ರ ಸೆಪ್ಟೆಂಬರ್ 30ರ ನಸುಕಿನಲ್ಲಿ 1.45ಕ್ಕೆ ಗಸ್ತಿನ ಪೇದೆ ಎಡ್ವರ್ಡ್ ವಾಟ್ಕಿನ್ಸ್ ಹೆಣ ಕಂಡ. ಕಾಲು ಗಂಟೆ ಮುಂಚೆ ಅದೇ ಪೇದೆ ಅದೇ ಮೂಲೆಗೆ ಲಾಟೀನು ಹಿಡಿದು ನೋಡಿದಾಗ ಏನೂ ಇರಲಿಲ್ಲ. ಆಮೇಲೆ ಹೆಣವನ್ನು ಶವಾಗಾರಕ್ಕೆ ಒಯ್ದು, ಮೈಮೇಲಿದ್ದದ್ದು, ಜೇಬಿನಲ್ಲಿದ್ದದ್ದು ಎಲ್ಲವನ್ನೂ ಒಂದೊಂದಾಗಿ ಬರೆದುಕೊಂಡರು. ಮರಣ ವಿಚಾರಣೆಯ ಕಾಗದಗಳ ಜೊತೆ ಆ ಪಟ್ಟಿ ಇವತ್ತಿಗೂ ಇದೆ.

ನಾನು ಓದಿದ ಪಟ್ಟಿಗಳಲ್ಲೆಲ್ಲ ಚೆನ್ನಾಗಿರುವುದು ಅದು. ಬರೆದ ಪುಣ್ಯಾತ್ಮ ಏನನ್ನೂ ಬಿಟ್ಟಿಲ್ಲ. ಹಸಿರು ಮತ್ತು ಕಪ್ಪು ವೆಲ್ವೆಟ್ ಹಚ್ಚಿದ, ಕಪ್ಪು ಮಣಿ ಹೊಲಿದ ಹುಲ್ಲಿನ ಟೊಪ್ಪಿ. ಅಂಚಿಗೆ ನಕಲಿ ತುಪ್ಪಳ ಕಟ್ಟಿದ ಕಪ್ಪು ಜಾಕೆಟ್. ಹೂವಿನ ಅಚ್ಚಿನ ಲಂಗ. ಅದರೊಳಗೆ ತುಂಬಾ ಹಳೇ ಹಸಿರು ಲಂಗ. ಅದರೊಳಗೆ ತುಂಬಾ ಹಳೇ ಹರಿದ ನೀಲಿ ಲಂಗ. 'ತುಂಬಾ ಹಳೇ' ಎಂಬುದೂ ಪಟ್ಟಿಯಲ್ಲೇ ಇರುವ ಮಾತು. ಗಂಡಸರು ತೊಡುವ ಬಿಳಿ ವೇಸ್ಟ್‌ಕೋಟು. ಗಂಡಸರ ಬೂಟು, ಬಲಗಾಲಿನದಕ್ಕೆ ಕೆಂಪು ನೂಲಿನ ರಿಪೇರಿ. ಕಂದು ಬಣ್ಣದ ಕಾಲುಚೀಲ, ಪಾದದ ಹತ್ತಿರ ಬಿಳಿ ನೂಲಿನಲ್ಲಿ ತೇಪೆ. ಕುತ್ತಿಗೆಗೆ ಕೆಂಪು ರೇಷ್ಮೆಯ ಒಂದು ತುಂಡು.

ಇನ್ನು ಜೇಬುಗಳು. ಸೊಂಟಕ್ಕೆ ಕಟ್ಟಿಕೊಳ್ಳುವ ಬಟ್ಟೆಯ ಜೇಬುಗಳವು, ನಮ್ಮ ಅಜ್ಜಿಯರ ಎಲೆಅಡಿಕೆ ಸಂಚಿ ಇದ್ದ ಹಾಗೆ. ಅದರಲ್ಲಿ ತಂಬಾಕು ಸೇದುವ ಎರಡು ಮಣ್ಣಿನ ಕೊಳವೆ. ಒಂದು ತಗಡಿನ ಡಬ್ಬಿಯಲ್ಲಿ ಚಹಾಪುಡಿ, ಇನ್ನೊಂದರಲ್ಲಿ ಸಕ್ಕರೆ. ಸೋಪಿನ 6 ಚೂರು. ಹೇನಿನ ಬಾಚಣಿಗೆಯಂಥ ಒಂದು ಸಣ್ಣ ಬಾಚಣಿಗೆ. ಬಿಳಿ ಹಿಡಿಯ ಊಟದ ಚಾಕು. ಒಂದು ಟೀ ಚಮಚ. ಕೆಂಪು ಚರ್ಮದ ಸಿಗರೇಟು ಪೆಟ್ಟಿಗೆ. ಖಾಲಿ ಬೆಂಕಿಪೊಟ್ಟಣ. ಕೆಂಪು ಫ್ಲ್ಯಾನೆಲ್ ಚೂರಿಗೆ ಚುಚ್ಚಿಟ್ಟ ಸೂಜಿ, ಗುಂಡುಸೂಜಿ. ಸೆಣಬಿನ ಉಂಡೆ. ಬಿಳಿ ಬಟ್ಟೆಯ 12 ತುಂಡು. ಕನ್ನಡಕದ ಒಂದು ಭಾಗ. ಕೆಂಪು ಕೈಗವಸು, ಅದೂ ಒಂದೇ ಒಂದು. ಮೈಮೇಲೆ ಇನ್ನೂ ಕಟ್ಟಿಕೊಂಡಿದ್ದ ಹಳೇ ಬಿಳಿ ಏಪ್ರನ್ನಿನ ಅರ್ಧ.

ಶಾಲು ಎಲ್ಲಿದೆ? ಸೋಪಿನ ಚೂರು ಎಣಿಸಿದವನಿಗೆ ಎಂಟು ಅಡಿ ಉದ್ದದ ರೇಷ್ಮೆ ಶಾಲು ಕಾಣಲಿಲ್ಲವೇ? ಕಾಲುಚೀಲದ ತೇಪೆಯ ನೂಲು ಯಾವ ಬಣ್ಣ ಅಂತ ನೋಡಿದವನು ಅದನ್ನು ಬಿಟ್ಟನೇ? ಎರಡು ದಿನ ಮುಂಚೆ ಬೂಟು ಗಿರವಿ ಇಟ್ಟಿದ್ದ ಮನೆಯದು ಈ ಕಥೆ. ಅಂಥ ಶಾಲು ಇದ್ದಿದ್ದರೆ ಬೂಟಿಗೂ ಮುಂಚೆ ಅದು ಗಿರವಿ ಅಂಗಡಿ ಸೇರುತ್ತಿತ್ತು.

ಡಿಎನ್‌ಎ ಬಗ್ಗೆ ಮಾತಾಡಲು ನಾನು ವಿಜ್ಞಾನಿ ಅಲ್ಲ. ಆದರೆ ಮಡಿವಾಳದ ಎಫ್‌ಎಸ್‌ಎಲ್‌ನಿಂದ, ಅಂದರೆ ಸರಕಾರಿ ವಿಧಿವಿಜ್ಞಾನ ಪ್ರಯೋಗಾಲಯದಿಂದ, ಬಂದ ವರದಿಗಳನ್ನು ಫೈಲಿಗೆ ಹಚ್ಚಿ ಹಚ್ಚಿ ಒಂದಷ್ಟು ಅರ್ಥವಾಗುತ್ತದೆ. ಶಾಲಿನಲ್ಲಿ ನೋಡಿದ್ದು ಮೈಟೊಕಾಂಡ್ರಿಯಾದ ಡಿಎನ್‌ಎ. ಅದು ತಾಯಿಯಿಂದ ಮಕ್ಕಳಿಗೆ ಬರುವಂಥದ್ದು. ಒಂದೇ ತಾಯಿಬೇರಿನ ಸಾವಿರಾರು ಜನರಿಗೆ ಒಂದೇ ಥರ ಇರುತ್ತದೆ. ಇವನಲ್ಲ ಅಂತ ಕೈಬಿಡಲು ಅದು ಚೆನ್ನಾಗಿ ಆಗಿಬರುತ್ತದೆ. ಇವನೇ ಅಂತ ಬೆರಳು ತೋರಿಸಲು ಬರುವುದಿಲ್ಲ. ಕಳ್ಳನ ಹೆಸರು ಮಂಜುನಾಥ ಅಂತ ಗೊತ್ತಾಯಿತು, ನಮ್ಮ ಎದುರುಮನೆಯವರ ಹೆಸರೂ ಮಂಜುನಾಥ, ಅದಕ್ಕೆ ಅವರೇ ಕಳ್ಳರು ಅಂದ ಹಾಗಾಗುತ್ತದೆ.

2014ರಲ್ಲಿ ಇನ್ನೊಂದು ಎಡವಟ್ಟಾಗಿತ್ತು. ಎಡೋಸ್ ವಂಶದವರಿಗೂ ಶಾಲಿಗೂ ತಾಳೆಯಾದ ಒಂದು ಗುರುತು 2,90,000 ಜನರಲ್ಲಿ ಒಬ್ಬರಿಗೆ ಮಾತ್ರ ಇರುವಂಥದ್ದು ಅಂತ ಹೇಳಿದ್ದರು. ಗುರುತಿನ ನಂಬರು ಬರೆಯುವಾಗಲೇ ತಪ್ಪಿದ್ದರು. 315 ಅನ್ನುವ ಕಡೆ 314 ಅಂತ ಬರೆದಿದ್ದರು. ಸರಿಯಾಗಿ ಬರೆದರೆ ಅದು ಯುರೋಪ್ ಮೂಲದ 100 ಜನರಲ್ಲಿ 99 ಮಂದಿಗೆ ಇರುವ ಗುರುತು. ಡಿಎನ್‌ಎಯಿಂದ ಗುರುತು ಹಚ್ಚುವ ಪದ್ಧತಿ ಕಂಡುಹಿಡಿದ ಅಲೆಕ್ ಜೆಫ್ರೀಸ್ ಅವರೇ ಇದನ್ನು ಎತ್ತಿ ತೋರಿಸಿದವರಲ್ಲಿ ಒಬ್ಬರು. ಒಂದು ಅಂಕಿ ತಪ್ಪಿದ್ದಕ್ಕೆ ಮೆಮೊ ತಿಂದವನು ನಾನು. ನನಗೆ ಇದು ಸಣ್ಣ ತಪ್ಪು ಅನ್ನಿಸುವುದಿಲ್ಲ. 2019ರ ಪ್ರಬಂಧದಲ್ಲಿ ಗುರುತುಗಳನ್ನು ಬಿಡಿಸಿ ಹೇಳುವ ಬದಲು ಬಣ್ಣದ ಚೌಕಗಳನ್ನು ಅಚ್ಚು ಹಾಕಿದರು. ಬದುಕಿರುವವರ ಖಾಸಗಿ ವಿವರ ಕಾಪಾಡಲು ಅಂತ ಕಾರಣ ಕೊಟ್ಟರು. ಬಣ್ಣದ ಚೌಕ ನೋಡಿ ಯಾರು ಏನು ತಾಳೆ ನೋಡುವುದು?

ಆ ಕಾಸ್ಮಿನ್ಸ್ಕಿಯ ಹೆಸರಾದರೂ ಎಲ್ಲಿಂದ ಬಂತು ನೋಡಿ. 1894ರಲ್ಲಿ ಮೆಲ್ವಿಲ್ ಮೆಕ್‌ನಾಟನ್ ಎಂಬ ಪೊಲೀಸ್ ಅಧಿಕಾರಿ ಒಂದು ಟಿಪ್ಪಣಿ ಬರೆದ. ಮೂವರ ಹೆಸರು ಹೇಳಿದ. ಮೊದಲನೆಯವನು ಡ್ರೂಯಿಟ್, 41 ವರ್ಷದ ಡಾಕ್ಟರು ಅಂದ. ಅವನು 31 ವರ್ಷದ ವಕೀಲ, ಜೊತೆಗೆ ಶಾಲೆಯ ಮೇಷ್ಟ್ರು. ಇನ್ನೊಬ್ಬ ಆಸ್ಟ್ರೋಗ್. ಅವನು ಆ ಸಮಯದಲ್ಲಿ ಫ್ರಾನ್ಸಿನಲ್ಲಿ ಜೈಲಿನಲ್ಲಿದ್ದ. ಮತ್ತೊಬ್ಬ ಬರೀ 'ಕಾಸ್ಮಿನ್ಸ್ಕಿ'. 1889ರ ಮಾರ್ಚಿನಲ್ಲಿ ಆಸ್ಪತ್ರೆಗೆ ಸೇರಿಸಿದರು ಅಂದ. ಸೇರಿಸಿದ್ದು 1891ರ ಫೆಬ್ರವರಿಯಲ್ಲಿ. ಆಸ್ಪತ್ರೆಯ ದಾಖಲೆಯಲ್ಲಿ 'ಇತರರಿಗೆ ಅಪಾಯಕಾರಿಯೇ' ಎಂಬ ಕಾಲಂನಲ್ಲಿ 'ಇಲ್ಲ' ಅಂತ ಬರೆದಿದೆ. ಮೆಕ್‌ನಾಟನ್ ಪೊಲೀಸಿಗೆ ಸೇರಿದ್ದೇ 1889ರಲ್ಲಿ, ಕೊಲೆಗಳೆಲ್ಲ ಆದಮೇಲೆ. ಅದಕ್ಕೂ ಮೊದಲು ಬಂಗಾಳದಲ್ಲಿ ಅವರಪ್ಪನ ಜಮೀನು ನೋಡಿಕೊಂಡಿದ್ದ. ಅಂಥ ಟಿಪ್ಪಣಿಯನ್ನು ನಮ್ಮ ಸಾಹೇಬರ ಮುಂದೆ ಇಟ್ಟಿದ್ದರೆ ಕನ್ನಡಕ ಇಳಿಸಿ, 'ಏನ್ರೀ ಇದು' ಅಂತ ಒಂದೇ ಮಾತು ಕೇಳುತ್ತಿದ್ದರು.

'ಏನ್ರೀ ಇದು' ಅಂತ ನನ್ನನ್ನೂ ಒಮ್ಮೆ ಕೇಳಿದ್ದರು. ಊರು ಬೇಡ, ಹೆಸರು ಬೇಡ. ಒಂದು ಹೆಣ್ಣುಮಗಳ ಕೊಲೆ ಕೇಸು. ಮಹಜರಿನಲ್ಲಿ 'ಹಸಿರು ಅಂಚಿನ ಸೀರೆ' ಅಂತ ಬರೆದಿತ್ತು. ಸಾಕ್ಷಿ ಹೇಳುವ ದಿನ ನಾನು ಗಂಟು ತಂದು ಮೇಜಿನ ಮೇಲಿಟ್ಟೆ. ಸೀಲು ಒಡೆದು ಬಿಚ್ಚಿದರೆ ನೀಲಿ ಅಂಚು. ಬರೆದವನು ಲಾಟೀನು ಬೆಳಕಲ್ಲಿ ಬಣ್ಣ ತಪ್ಪಿದನೋ, ಗಂಟು ಠಾಣೆಯಲ್ಲೇ ಅದಲುಬದಲಾಯಿತೋ, ದೇವರಿಗೇ ಗೊತ್ತು. ಆರೋಪಿ ವಕೀಲರು ಆ ಅಂಚನ್ನು ಹಿಡಿದುಕೊಂಡು ಅರ್ಧ ದಿನ ಎಳೆದರು. ಬೇರೆ ಕೊರತೆಗಳೂ ಇದ್ದವು. ಕೊನೆಗೆ ಬಿಡುಗಡೆಯಾಯಿತು. ತೀರ್ಪಿನ ಕೊನೆಯ ಸಾಲು ಎಂದಿನಂತೆ: ಬೆಲೆಯಿಲ್ಲದ ಮುದ್ದೆಮಾಲುಗಳನ್ನು ಅಪೀಲು ಅವಧಿ ಮುಗಿದ ನಂತರ ನಾಶಪಡಿಸತಕ್ಕದ್ದು.

ಆ ಹುಡುಗಿಯ ತಾಯಿ ಹೊರಗೆ ಹುಣಸೆ ಮರದ ಕೆಳಗೆ ಕೂತಿದ್ದರು. ನನ್ನನ್ನು ಕರೆದು, 'ಸೀರೆನಾದ್ರೂ ಕೊಡ್ತೀರಾ ಸ್ವಾಮಿ' ಅಂದರು. ಅಪೀಲಿನ ಅವಧಿ ಮುಗಿಯಬೇಕಮ್ಮ, ಕೊಡಲು ಬರಲ್ಲ ಅಂದೆ. ಅವಧಿ ಮುಗಿದ ಮೇಲೆ ಅದನ್ನು ಉಳಿದವುಗಳ ಜೊತೆ ಕೋರ್ಟಿನ ಹಿತ್ತಲಲ್ಲಿ ನಾನೇ ಸುಟ್ಟೆ. ಒಂದು ಅರ್ಜಿ ಹಾಕಿ ಅಂತ ಅವರಿಗೆ ಆವತ್ತೇ ಹೇಳಬಹುದಿತ್ತು. ಹೊಳೆಯಲಿಲ್ಲ. ಈ ಪತ್ರದಲ್ಲಿ ಇದು ಬೇಕಿತ್ತೋ ಇಲ್ಲವೋ, ಬರೆದುಬಿಟ್ಟೆ. ಜಾಗ ಸಾಲದಿದ್ದರೆ ಈ ಎರಡು ಪ್ಯಾರಾ ತೆಗೆಯಿರಿ.

ತಕರಾರಿನ ಎರಡನೇ ಭಾಗಕ್ಕೆ ಬರುತ್ತೇನೆ. ಇದು ಪತ್ರಿಕೆಯವರಿಗೇ ಸಂಬಂಧಪಟ್ಟದ್ದು.

ಆ ಕೊಲೆಗಾರನಿಗೆ 'ಜಾಕ್ ದಿ ರಿಪ್ಪರ್' ಅಂತ ಹೆಸರಿಟ್ಟವರು ಯಾರು? 1888ರ ಸೆಪ್ಟೆಂಬರ್ 27ರಂದು ಲಂಡನ್ನಿನ ಸೆಂಟ್ರಲ್ ನ್ಯೂಸ್ ಏಜೆನ್ಸಿಗೆ ಕೆಂಪು ಶಾಯಿಯ ಒಂದು ಕಾಗದ ಬಂತು. 'ಡಿಯರ್ ಬಾಸ್' ಅಂತ ಶುರು, ಕೊನೆಯಲ್ಲಿ ಈ ಸಹಿ. ಅಲ್ಲಿಯವರೆಗೆ ಆ ಹೆಸರೇ ಇರಲಿಲ್ಲ. ಅದನ್ನು ಬರೆದವನು ಒಬ್ಬ ಪತ್ರಕರ್ತನೇ ಅಂತ ಆಗಿನ ಪೊಲೀಸ್ ಅಧಿಕಾರಿಗಳೇ ಆಮೇಲೆ ಬರೆದಿದ್ದಾರೆ. ಅಂದರೆ ನಾವು ನೂರ ಮೂವತ್ತು ಚಿಲ್ಲರೆ ವರ್ಷದಿಂದ ಜಪಿಸುತ್ತಿರುವ ಹೆಸರು ಕೊಲೆಗಾರನದ್ದೂ ಅಲ್ಲ, ಪೊಲೀಸರು ಇಟ್ಟದ್ದೂ ಅಲ್ಲ. ನಿಮ್ಮ ಕಸುಬಿನವರದ್ದೇ ಇರಬೇಕು. ಆ ಕಾಗದ ಮುಂದೆ ಪೊಲೀಸ್ ಫೈಲಿನಿಂದಲೇ ಕಾಣೆಯಾಯಿತು. 1987ರಲ್ಲಿ ಯಾರೋ ಹೆಸರು ಹಾಕದೆ ಲಕೋಟೆಯಲ್ಲಿ ಇಟ್ಟು ಅಂಚೆಗೆ ಹಾಕಿ ವಾಪಸ್ ಕಳಿಸಿದರು. ರೆಕಾರ್ಡ್ ರೂಮಿನ ಕಥೆ ಎಲ್ಲ ದೇಶದಲ್ಲೂ ಒಂದೇ.

ಅದಕ್ಕೂ ಮೊದಲು ಪತ್ರಿಕೆಗಳು 'ಲೆದರ್ ಏಪ್ರನ್' ಅಂತ ಒಬ್ಬನ ಬೆನ್ನು ಹತ್ತಿದ್ದವು. ಜಾನ್ ಪೈಜರ್ ಎಂಬ ಯಹೂದಿ ಚಪ್ಪಲಿ ಹೊಲಿಯುವವನು. ಸೆಪ್ಟೆಂಬರ್ 10ರಂದು ಅವನನ್ನು ಹಿಡಿದರು. ಮೊದಲ ಕೊಲೆಯ ರಾತ್ರಿ ಅವನು ಹಡಗುಕಟ್ಟೆಗೆ ಬಿದ್ದ ಬೆಂಕಿಯ ಕೆಂಪು ನೋಡುತ್ತಾ ಒಬ್ಬ ಪೊಲೀಸಿನವನ ಜೊತೆಗೇ ಮಾತಾಡಿಕೊಂಡು ನಿಂತಿದ್ದ! ಬಿಟ್ಟು ಕಳಿಸಿದರು. ಆದರೆ ಅಷ್ಟರಲ್ಲಿ ಜನ ಬೀದಿಯಲ್ಲಿ ಯಹೂದಿಗಳನ್ನು ಕಂಡರೆ ಕಿರುಚುವ ಹಾಗಾಗಿತ್ತು.

ಅದರ ಫಲ ಏನಾಯಿತು ಕೇಳಿ. ಎಡೋಸ್ ಕೊಲೆಯಾದ ಒಂದು ಗಂಟೆಯ ಮೇಲೆ, 2.55ಕ್ಕೆ, ಗೋಲ್‌ಸ್ಟನ್ ಸ್ಟ್ರೀಟಿನ ಒಂದು ಬಾಗಿಲಲ್ಲಿ ಆಲ್ಫ್ರೆಡ್ ಲಾಂಗ್ ಎಂಬ ಪೇದೆಗೆ ರಕ್ತವಾದ ಬಟ್ಟೆ ಸಿಕ್ಕಿತು. ಅವಳ ಏಪ್ರನ್ನಿನ ಇನ್ನರ್ಧ. ಡಾಕ್ಟರು ಎರಡೂ ತುಂಡು ಜೋಡಿಸಿ, ತೇಪೆಯ ಹೊಲಿಗೆ ಅಂಚಿಗೆ ಅಂಚು ಕೂಡುವುದನ್ನು ನೋಡಿ ಖಚಿತಪಡಿಸಿದರು. ಆಗ ಡಿಎನ್‌ಎ ಇಲ್ಲ, ಬೆರಳಚ್ಚೂ ಇಲ್ಲ. ಬೆರಳಚ್ಚು ಕಚೇರಿ ಶುರುವಾದದ್ದು 1897ರಲ್ಲಿ, ಅದೂ ನಮ್ಮ ಕಲ್ಕತ್ತೆಯಲ್ಲಿ. ಲಂಡನ್ನಿಗೆ ಹೋದದ್ದು 1901ರಲ್ಲಿ. ಅದನ್ನು ವಿಂಗಡಿಸುವ ಲೆಕ್ಕ ಹಾಕಿಕೊಟ್ಟವರು ಅಜೀಜುಲ್ ಹಕ್, ಹೇಮಚಂದ್ರ ಬೋಸ್. ಹೆಸರು ಬಂದದ್ದು ಅವರ ಸಾಹೇಬ ಹೆನ್ರಿಗೆ. ಇರಲಿ. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ಕೊಂಡಿ ಕಡಿಯದ ಒಂದೇ ಒಂದು ಮುದ್ದೆಮಾಲು ಅಂದರೆ ಆ ಏಪ್ರನ್ನಿನ ತುಂಡು. ನಿಮ್ಮ ಬರಹದಲ್ಲಿ ಅದರ ಸುದ್ದಿಯೇ ಇಲ್ಲ.

ಆ ಬಟ್ಟೆ ಬಿದ್ದಿದ್ದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಯಹೂದಿಗಳ ಬಗ್ಗೆ ಏನೋ ಒಂದು ಸಾಲು ಗೀಚಿತ್ತು. ಸಿಟಿ ಪೊಲೀಸರು ಬೆಳಕು ಹರಿಯಲಿ, ಫೋಟೊ ತೆಗೆಯೋಣ ಅಂದರು. ಮೆಟ್ರೊಪಾಲಿಟನ್ ಕಮಿಷನರ್ ಚಾರ್ಲ್ಸ್ ವಾರನ್ ಬಂದು, ಭಾನುವಾರದ ಸಂತೆಗೆ ಜನ ಸೇರಿದರೆ ಗಲಭೆ ಆಗುತ್ತದೆ ಅಂತ ಬೆಳಗಿನ 5.30ರ ಹೊತ್ತಿಗೆ ಒರೆಸಿಸಿಬಿಟ್ಟ. ಈಗ ಅದರಲ್ಲಿ ಏನು ಬರೆದಿತ್ತು ಅಂತಲೇ ಜಗಳ. ಒಬ್ಬ ಬರೆದುಕೊಂಡ ಪ್ರತಿಯಲ್ಲಿ 'ಅಲ್ಲ' ಎಂಬ ಪದ ಒಂದು ಕಡೆ, ಇನ್ನೊಬ್ಬನ ಪ್ರತಿಯಲ್ಲಿ ಇನ್ನೊಂದು ಕಡೆ. ವಿಚಾರಣೆಯಲ್ಲಿ ಲಾಂಗನನ್ನು ನೋಟ್‌ಬುಕ್ ತೆಗೆದುಕೊಂಡು ಬಾ ಅಂತ ವಾಪಸ್ ಕಳಿಸಬೇಕಾಯಿತು. ಸಾಕ್ಷಿ ಹೇಳಲು ಬರುವಾಗ ನೋಟ್‌ಬುಕ್ ಬಿಟ್ಟು ಬರುವ ಪೇದೆಯನ್ನು ನಾನೂ ಕಂಡಿದ್ದೇನೆ.

ವಾರನ್ ಮಾಡಿದ್ದು ತಪ್ಪು ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಅಷ್ಟು ಸುಲಭ ಅನ್ನಿಸುವುದಿಲ್ಲ. ಮೂರು ವಾರದಿಂದ ಪತ್ರಿಕೆಗಳು ಹಚ್ಚಿದ ಬೆಂಕಿ ಇತ್ತಲ್ಲ. ಸಾಕ್ಷಿ ಉಳಿಸಲು ಹೋಗಿ ಹತ್ತು ಹೆಣ ಬಿದ್ದಿದ್ದರೆ?

ಆದರೆ ಅದೇ ಪತ್ರಿಕೆಗಳು ಒಂದು ಒಳ್ಳೆ ಕೆಲಸವನ್ನೂ ಮಾಡಿದವು. ನಾನು ಈ ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ. ಹೆಣ ಸಿಕ್ಕಾಗ ಆಕೆ ಯಾರು ಅಂತ ಗೊತ್ತಿರಲಿಲ್ಲ. ಹಿಂದಿನ ರಾತ್ರಿ 8.30ರ ಹೊತ್ತಿಗೆ ಕುಡಿದು ಬೀದಿಯಲ್ಲಿ ಬಿದ್ದಿದ್ದಳು ಅಂತ ಬಿಷಪ್ಸ್‌ಗೇಟ್ ಠಾಣೆಗೆ ಒಯ್ದಿದ್ದರು. ಹೆಸರು ಕೇಳಿದರೆ 'ಏನೂ ಇಲ್ಲ' ಅಂದಿದ್ದಳು. ರಾತ್ರಿ 1 ಗಂಟೆಗೆ ಅಮಲಿಳಿದಿದೆ ಅಂತ ಬಿಡುವಾಗ 'ಮೇರಿ ಆ್ಯನ್ ಕೆಲ್ಲಿ' ಅಂತ ಸುಳ್ಳು ಹೆಸರು ಕೊಟ್ಟಳು. ಬಾಗಿಲು ಎಳೆದುಕೊಂಡು ಹೋಗಮ್ಮ ಅಂದ ಪೇದೆಗೆ ತಮಾಷೆಯಾಗಿ ಗುಡ್‌ನೈಟ್ ಹೇಳಿ ಹೊರಟಳು. ಮುಕ್ಕಾಲು ಗಂಟೆಯಲ್ಲಿ ಹೆಣವಾಗಿದ್ದಳು.

ಹೆಣದ ಪಕ್ಕ ಸಾಸಿವೆಪುಡಿಯ ಒಂದು ತಗಡಿನ ಡಬ್ಬಿ ಬಿದ್ದಿತ್ತು. ಅದರಲ್ಲಿ ಎರಡು ಗಿರವಿ ಚೀಟಿ. ಒಂದು ಗಂಡಸಿನ ಶರ್ಟಿನದು, 9 ಪೆನ್ಸಿಗೆ ಇಟ್ಟದ್ದು. ಇನ್ನೊಂದು ಬೂಟಿನದು, ಎರಡೂವರೆ ಶಿಲಿಂಗಿಗೆ ಇಟ್ಟದ್ದು. ಪತ್ರಿಕೆಗಳು ಈ ಚೀಟಿಗಳ ವಿವರವನ್ನು ಅಚ್ಚು ಹಾಕಿದವು. ಎಂಥ ಬಡ ಸುದ್ದಿ ನೋಡಿ! ಅಕ್ಟೋಬರ್ 2ರಂದು ಜಾನ್ ಕೆಲ್ಲಿ ಎಂಬ ಕೂಲಿಯವನು, ಎಡೋಸ್ ಜೊತೆ ಬಾಳುತ್ತಿದ್ದವನು, ಅದನ್ನು ಓದಿದ. ಆ ಬೂಟು ಅವನದೇ. ಅವಳು ಅದನ್ನು ಒಳಗೆ ತೆಗೆದುಕೊಂಡು ಹೋಗಿ ಗಿರವಿ ಇಡುವಾಗ ಅವನು ಬರಿಗಾಲಲ್ಲಿ ಅಂಗಡಿ ಹೊರಗೆ ನಿಂತಿದ್ದ. ಶರ್ಟಿನ ಚೀಟಿಯನ್ನು ಅವರಿಗೆ ಕೊಟ್ಟದ್ದು ಇನ್ನೊಬ್ಬ ಹೆಂಗಸು. ಇಬ್ಬರೂ ಕೆಂಟ್ ಕಡೆ ಬಿಯರಿಗೆ ಹಾಕುವ ಹಾಪ್ಸ್ ಕೀಳುವ ಕೂಲಿಗೆ ಹೋಗಿ ವಾಪಸ್ ನಡೆದು ಬರುವಾಗ ಆ ಹೆಂಗಸು ಜೊತೆಯಾಗಿದ್ದಳು. ನಾನು ಲಂಡನ್ನಿಗೆ ಬರಲ್ಲ, ನೀವೇ ಬಿಡಿಸಿಕೊಳ್ಳಿ ಅಂತ ಕೊಟ್ಟಿದ್ದಳು. ಜಾನ್ ಕೆಲ್ಲಿ ಠಾಣೆಗೆ ಬಂದು, ಇದು ನಮ್ಮವಳೇ ಇರಬೇಕು ಅಂದ. ಆಮೇಲೆ ಅಕ್ಕ ಬಂದು ಗುರುತಿಸಿದಳು. ಹೀಗೆ ಆಕೆಗೆ ಹೆಸರು ಸಿಕ್ಕಿತು. ಮುದ್ದೆಮಾಲು ಪಟ್ಟಿಯ ಒಂದು ಸಾಲನ್ನು ಪತ್ರಿಕೆ ಅಚ್ಚು ಹಾಕಿದ್ದರಿಂದ.

ಮೊದಲನೆಯವಳಿಗೂ ಹೀಗೇ. ಮೇರಿ ಆ್ಯನ್ ನಿಕಲ್ಸ್, ಆಗಸ್ಟ್ 31. ಲಂಗದ ಮೇಲೆ ಲ್ಯಾಂಬೆತ್ ವರ್ಕ್‌ಹೌಸಿನ ಮುದ್ರೆ ಇತ್ತು, ಬಡವರನ್ನು ಇಟ್ಟು ದುಡಿಸುವ ಸರಕಾರಿ ಮನೆಯದು. ಅದರಿಂದ ಗುರುತು ಸಿಕ್ಕಿತು. ಅವಳ ಹತ್ತಿರ ಇದ್ದದ್ದು ಬಾಚಣಿಗೆ, ಕರವಸ್ತ್ರ, ಒಡೆದ ಕನ್ನಡಿ ಚೂರು. ಮಲಗುವ ಜಾಗಕ್ಕೆ 4 ಪೆನ್ಸ್ ಇರಲಿಲ್ಲ ಅಂತ ಆ ರಾತ್ರಿ ಹೊರಗೆ ಹಾಕಿದ್ದರು.

ನಿಮ್ಮ ಬರಹದಲ್ಲಿ ಐವರಿಗೂ ಸೇರಿಸಿ ಬಳಸಿರುವುದು ಒಂದೇ ಪದ. 'ವೇಶ್ಯೆಯರು'. ಒಬ್ಬರ ಹೆಸರೂ ಇಲ್ಲ. ಆದರೆ ಆ ಕ್ಷೌರಿಕನ ಹೆಸರು ಎಂಟು ಸಲ ಬಂದಿದೆ, ನಾನು ಎಣಿಸಿದೆ. ಎಡೋಸ್ ವಿಷಯದಲ್ಲಿ ಜಾನ್ ಕೆಲ್ಲಿ, ಅವಳು ಆ ಕೆಲಸಕ್ಕೆ ಹೋದದ್ದು ನಾನು ಕಂಡಿಲ್ಲ ಅಂತ ಪ್ರಮಾಣ ಮಾಡಿ ಹೇಳಿದ್ದಾನೆ. ಅವರು ಮಲಗುತ್ತಿದ್ದ ಛತ್ರದಂಥ ಮನೆಯ ಮೇಲ್ವಿಚಾರಕನೂ ಹಾಗೇ ಹೇಳಿದ್ದಾನೆ. ಸಾಕ್ಷಿ ಹೇಳಿದ್ದೊಂದು, ನೀವು ಬರೆದದ್ದೊಂದು. ಮತ್ತೆ, ಒಂದುವೇಳೆ ಹೌದೇ ಆಗಿದ್ದರೂ ಹೆಸರು ಬರೆಯಲು ಏನು ಅಡ್ಡಿ? ಉಳಿದ ಮೂವರು ಆ್ಯನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಮೇರಿ ಜೇನ್ ಕೆಲ್ಲಿ. ಎಲಿಜಬೆತ್ ಸ್ವೀಡನ್ನಿನವಳು. ಮೇರಿ ಜೇನ್ ಸತ್ತದ್ದು ನವೆಂಬರ್ 9ರಂದು, ತನ್ನ ಬಾಡಿಗೆ ಕೋಣೆಯಲ್ಲೇ. 29 ಶಿಲಿಂಗ್ ಬಾಡಿಗೆ ಬಾಕಿ ಇತ್ತು. ವಸೂಲಿಗೆ ಬಂದವನೇ ಕಿಟಕಿಯಿಂದ ನೋಡಿದ್ದು.

ಈ ಗುಮಾಸ್ತನಿಗೆ ಲಂಡನ್ನಿನ ಪಟ್ಟಿಯ ಹುಚ್ಚು ಹೇಗೆ ಹಿಡಿಯಿತು ಅಂತ ನೀವು ಕೇಳಬಹುದು. ಮಗಳು, ಅಳಿಯ ಅಲ್ಲಿ ಈಸ್ಟ್‌ಹ್ಯಾಮ್‌ನಲ್ಲಿದ್ದಾರೆ. ಎರಡು ವರ್ಷದ ಹಿಂದೆ ಮೂರು ತಿಂಗಳು ಹೋಗಿದ್ದೆವು. ದೋಸೆ ಹೋಟೆಲುಗಳು ಬೇಕಾದಷ್ಟಿವೆ, ಬೇಜಾರಿಲ್ಲ. ಒಂದು ದಿನ ಅಳಿಯಂದಿರು 'ಮಾವ, ನಿಮಗೆ ಇಷ್ಟ ಆಗೋ ಜಾಗ' ಅಂತ ವೈಟ್‌ಚಾಪೆಲ್‌ಗೆ ಕರೆದುಕೊಂಡು ಹೋದರು. ಸ್ಟೇಷನ್ನಿನ ಬೋರ್ಡು ಬಂಗಾಳಿಯಲ್ಲೂ ಇದೆ. ನಮ್ಮ ಕೆಲವು ಕಚೇರಿಗಳಲ್ಲಿ ಕನ್ನಡದ ಬೋರ್ಡು ಹುಡುಕಬೇಕು, ಆ ಮಾತು ಬೇರೆ. ನಿಕಲ್ಸ್ ಸತ್ತ ಬಕ್ಸ್ ರೋ ಅಲ್ಲೇ ಹಿಂದುಗಡೆ. ಈಗ ಅದಕ್ಕೆ ಡರ್ವರ್ಡ್ ಸ್ಟ್ರೀಟ್ ಅಂತ ಹೆಸರು. ಸಂಜೆ ಆದರೆ ಗೈಡುಗಳು ಗುಂಪು ಕಟ್ಟಿಕೊಂಡು ಸುತ್ತಿಸುತ್ತಾರೆ. ಗೈಡು ಕೊಲೆಯ ವಿವರವನ್ನು ನಾಟಕದವರ ಹಾಗೆ ಹೇಳುತ್ತಿದ್ದ. ನನ್ನ ಹೆಂಡತಿ ಅರ್ಧಕ್ಕೇ 'ನಡೀರಿ, ಕಾಲು ನೋವು' ಅಂದಳು. ಕಾಲು ನೋವಿರಲಿಲ್ಲ.

ಮುಂದಿನ ವಾರ ನಾನೂ ಅಳಿಯಂದಿರೂ ಇಬ್ಬರೇ ಮ್ಯಾನರ್ ಪಾರ್ಕಿನ ಸಿಟಿ ಆಫ್ ಲಂಡನ್ ಸ್ಮಶಾನಕ್ಕೆ ಹೋದೆವು. ಮಗಳ ಮನೆಗೆ ದೂರವೇನಲ್ಲ. ಎಡೋಸ್, ನಿಕಲ್ಸ್ ಇಬ್ಬರನ್ನೂ ಹೂಳಿದ್ದು ಅಲ್ಲೇ. ನೆಲಕ್ಕೆ ಸಮವಾಗಿ ಒಂದೊಂದು ಫಲಕ. ಕ್ಯಾಥರೀನ್ ಎಡೋಸ್ ಅಂತ ಇದೆ, ಹೂಳಿದ ತಾರೀಕು 1888ರ ಅಕ್ಟೋಬರ್ 8 ಅಂತ ಇದೆ. ಕೆಳಗೆ ಅವನ ಹೆಸರೂ ಇದೆ. ಅದೇ, ಪತ್ರಕರ್ತ ಇಟ್ಟ ಹೆಸರು. ಯಾರೋ ಒಂದು ಪ್ಲಾಸ್ಟಿಕ್ ಹೂವು ಇಟ್ಟಿದ್ದರು.

ನನ್ನ ಕೋರಿಕೆ ಇಷ್ಟು. ಶಾಲಿನ ಬರಹಕ್ಕೆ ಒಂದು ತಿದ್ದುಪಡಿ ಹಾಕಿ, 'ಸಿಕ್ಕಿಬಿದ್ದ' ಎಂಬುದು ಸರಿಯಲ್ಲ ಅಂತ. ಐವರ ಹೆಸರು ಹಾಕಿ. ಈ ಪತ್ರವನ್ನು ಪೂರ್ತಿ ಹಾಕಲು ಜಾಗ ಇರುವುದಿಲ್ಲ ಅಂತ ಗೊತ್ತು. ಮೆಕ್‌ನಾಟನ್ ವಿಷಯ ತೆಗೆಯಿರಿ, ನನ್ನ ಮಗಳ ಮನೆ ತೆಗೆಯಿರಿ, ಡಿಎನ್‌ಎ ಬೇಕಾದರೂ ತೆಗೆಯಿರಿ. ಪಟ್ಟಿಯ ಎರಡು ಪ್ಯಾರಾ ಮಾತ್ರ ಮುಟ್ಟಬೇಡಿ. ಸೋಪಿನ ಚೂರು 6, ಬಟ್ಟೆಯ ತುಂಡು 12. ಅಚ್ಚಿನಲ್ಲಿ ಅಂಕಿ ತಪ್ಪದಂತೆ ನೋಡಿಕೊಳ್ಳಿ.

ಇಂತಿ ನಿಮ್ಮ ಓದುಗ,
ನಿವೃತ್ತ ನ್ಯಾಯಾಲಯ ಗುಮಾಸ್ತ, ಹಾಸನ